ಅಂಟುವಾಳದ ನೀರಿನಿಂದ ಬಸವನಹುಳು ಹತೋಟಿ: ಕುಂಟೆ, ಗೋಕಟ್ಟೆ ಬಳಸುವ ದನ ಸಾಕುವವರಿಗೆ

ಮಳೆಗಾಲ ಮುಗಿಯುವ ಹೊತ್ತಿಗೆ ಗುಬ್ಬಿ, ಕುಣಿಗಲ್, ಮಾಲೂರು, ಚಿಂತಾಮಣಿ ಕಡೆಯಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹಸುವಿಗೆ ಎಷ್ಟು ಸಲ ಜಂತಿನ ಔಷಧಿ ಕುಡಿಸಿದರೂ ಕೆಲವು ತಿಂಗಳಿಗೆ ಮತ್ತೆ ಗದ್ದ ಊದುತ್ತೆ. ಬಸವನಹುಳು ಸಾಯಿಸಿದರೆ ಸರಿಹೋಗುತ್ತೆ ಅಂತಾರೆ. ಕುಂಟೆಗೆ ಅಂಟುವಾಳ ಹಾಕಬಹುದಾ? ಬೇವಿನೆಣ್ಣೆ? ಕಳ್ಳಿ ಹಾಲು?"

ಅಂಟುವಾಳ ಹಾಕಬಹುದು. ಆದರೆ ಎಲ್ಲ ನೀರಿಗೂ ಹಾಕುವಂತಿಲ್ಲ, ಬೊಗಸೆ ಲೆಕ್ಕದಲ್ಲಂತೂ ಹಾಕಲೇಬಾರದು. ಮೊದಲು ಬಕೆಟ್ಟಿನಲ್ಲಿ ಪರೀಕ್ಷೆ, ಆಮೇಲೆ ಕುಂಟೆ. ಈ ಒಂದು ಮಾತು ನೆನಪಿಟ್ಟುಕೊಂಡು ಮುಂದೆ ಓದಿ.

ಬಸವನಹುಳುವಿಗೂ ಹಸುವಿನ ಕಾಯಿಲೆಗೂ ಏನು ಸಂಬಂಧ?

ಹಸು, ಎಮ್ಮೆ, ಕುರಿಗಳ ಯಕೃತ್ತಿನಲ್ಲಿ, ಅಂದರೆ ಲಿವರ್‌ನಲ್ಲಿ, ಎಲೆಯ ಆಕಾರದ ಚಪ್ಪಟೆ ಹುಳು ಸೇರಿಕೊಳ್ಳುತ್ತದೆ. ಒಂದರಿಂದ ಮೂರು ಅಂಗುಲ ಉದ್ದ ಇರುತ್ತದೆ. ಡಾಕ್ಟರು ಇದನ್ನು ಲಿವರ್ ಫ್ಲೂಕ್ ಅನ್ನುತ್ತಾರೆ. ಇದರ ಮೊಟ್ಟೆ ಸಗಣಿಯಲ್ಲಿ ಹೊರಗೆ ಬರುತ್ತದೆ. ಸಗಣಿ ನೀರಿಗೆ ಬಿದ್ದರೆ ನಮ್ಮ ಹವೆಯಲ್ಲಿ ಸುಮಾರು ಎರಡು ವಾರಕ್ಕೆ ಮೊಟ್ಟೆ ಒಡೆದು ಮರಿ ಈಜಲು ಶುರುಮಾಡುತ್ತದೆ. ಒಂದು ದಿನದೊಳಗೆ ಆ ಮರಿಗೆ ಬಸವನಹುಳು ಸಿಗಲೇಬೇಕು, ಸಿಗದಿದ್ದರೆ ಸಾಯುತ್ತದೆ. ಸಿಕ್ಕಿತೋ, ಅದರ ಮೈಯೊಳಗೆ ಹೊಕ್ಕು ಒಂದು ಮರಿ ನೂರಾರಾಗುತ್ತದೆ. ಒಂದೂವರೆ ಎರಡು ತಿಂಗಳಾದ ಮೇಲೆ ಅವೆಲ್ಲ ನೀರಿಗೆ ಬಂದು, ದಡದ ಹುಲ್ಲಿಗೆ ಅಂಟಿ, ಗಟ್ಟಿ ಕೋಶ ಕಟ್ಟಿಕೊಂಡು ಕಾಯುತ್ತವೆ. ದನ ಆ ಹುಲ್ಲು ಮೇಯುತ್ತದೆ. ಮೂರು ನಾಲ್ಕು ತಿಂಗಳಿಗೆ ಹುಳು ಬಲಿತು ಮತ್ತೆ ಮೊಟ್ಟೆ ಇಡುತ್ತದೆ.

ಔಷಧಿ ಕುಡಿಸಿದರೂ ಕಾಯಿಲೆ ಮರಳಿ ಬರುವುದು ಇದಕ್ಕೇ. ಔಷಧಿ ಹೊಟ್ಟೆಯೊಳಗಿನ ಹುಳು ಸಾಯಿಸಿತು, ದಡದ ಹುಲ್ಲು ಹಾಗೇ ಇದೆ.

ಇನ್ನೆರಡು ಕಾಯಿಲೆಗಳೂ ಹೀಗೇ ಬಸವನಹುಳುವಿನಿಂದ ಬರುತ್ತವೆ. ಒಂದು, ಹೊಟ್ಟೆಯ ಚಪ್ಪಟೆ ಹುಳು. ಎಳೆಯ ಹುಳುಗಳು ಸಣ್ಣಕರುಳಿಗೆ ಕಚ್ಚಿಕೊಂಡಾಗ ನೀರಿನಂಥ, ಕೆಟ್ಟ ವಾಸನೆಯ ಭೇದಿ ಆಗುತ್ತದೆ. ಇನ್ನೊಂದು ಗೊರಕೆ ರೋಗ. ಮೂಗಿನೊಳಗೆ ಹೂಕೋಸಿನ ಹಾಗೆ ಗಡ್ಡೆ ಬೆಳೆದು ಹಸು ಗೊರಗೊರ ಅಂತ ಉಸಿರಾಡುತ್ತದೆ. ಈ ಹುಳು ಬಾಯಿಂದ ಹೋಗುವುದಿಲ್ಲ. ದನ ನೀರಿಗೆ ಇಳಿದಾಗ ಚರ್ಮ ಕೊರೆದು ಒಳಗೆ ಹೋಗುತ್ತದೆ. ಎಮ್ಮೆಗಳಲ್ಲಿ ಹೊರಗೆ ಅಷ್ಟಾಗಿ ಏನೂ ಕಾಣುವುದಿಲ್ಲ, ಆದರೂ ಅವು ಕುಂಟೆಗೆ ಮೊಟ್ಟೆ ಬಿಡುತ್ತಲೇ ಇರುತ್ತವೆ.

ತುಮಕೂರಿನಲ್ಲಿ ಹೇಮಾವತಿ ನಾಲೆಯ ಪಕ್ಕದ ಜೌಗು, ಕೋಲಾರದಲ್ಲಿ 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕಳಿಸುವ ಯೋಜನೆಯದು) ತುಂಬುತ್ತಿರುವ ಕೆರೆಗಳ ಅಂಚು, ಚಿಕ್ಕಬಳ್ಳಾಪುರದಲ್ಲಿ ಅದೇ ಥರದ ಎಚ್.ಎನ್. ವ್ಯಾಲಿ ಯೋಜನೆಯ ನೀರು ಬರುವ ಕೆರೆಗಳು. ಬೇಸಿಗೆಯಲ್ಲೂ ನೀರು ನಿಲ್ಲುವ ಇಂಥ ಕಡೆ ಬಸವನಹುಳುವಿಗೆ ವರ್ಷಪೂರ್ತಿ ಮನೆ ಇದ್ದ ಹಾಗೆ. ನೀರು ಬಂದದ್ದು ಒಳ್ಳೆಯದೇ. ದನ ಮೇಯಿಸುವವರು ಸ್ವಲ್ಪ ಜಾಸ್ತಿ ಎಚ್ಚರ ವಹಿಸಬೇಕು, ಅಷ್ಟೆ.

ಯಾವ ಬಸವನಹುಳು?

ತೋಟದಲ್ಲಿ ಪಪಾಯ, ತರಕಾರಿ ತಿನ್ನುವ ದೊಡ್ಡ ಆಫ್ರಿಕನ್ ಬಸವನಹುಳು ಬೇರೆ. ಅದು ನೆಲದ ಮೇಲಿನದು, ಈ ಕಾಯಿಲೆಗಳನ್ನು ಹರಡುವುದಿಲ್ಲ. ಕೆರೆಯಲ್ಲಿ ಸಿಗುವ ನಿಂಬೆಹಣ್ಣಿನ ಗಾತ್ರದ ಗುಂಡು ಬಸವನಹುಳುವೂ ಅಲ್ಲ. ಅದನ್ನು ಮುಟ್ಟಿದರೆ ಒಳಗೆ ಸರಿದು ಬಾಯಿಗೆ ಗಟ್ಟಿ ಮುಚ್ಚಳ ಹಾಕಿಕೊಳ್ಳುತ್ತದೆ. ಮುಚ್ಚಳ ಇದ್ದರೆ ಬಿಟ್ಟುಬಿಡಿ.

ನಮಗೆ ಬೇಕಾದವು ಮುಚ್ಚಳ ಇಲ್ಲದ ಎರಡು ಜಾತಿ. ಒಂದರ ಚಿಪ್ಪು ತೆಳು, ಕಂದು ಬಣ್ಣ, ತುದಿ ಸಣ್ಣಗೆ ಚೂಪು, ಬಾಯಿ ಕಿವಿಯ ಹಾಗೆ ಅಗಲ. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಇದು ಲಿಮ್ನಿಯಾ, ಲಿವರ್ ಫ್ಲೂಕ್ ಹರಡುವುದು ಇದೇ. ಇನ್ನೊಂದು ನೆಲದ ಮೇಲೆ ಸುತ್ತಿಟ್ಟ ಹಗ್ಗದ ಹಾಗೆ ಚಪ್ಪಟೆ ಸುರುಳಿ. ಇದರ ರಕ್ತ ನಮ್ಮ ರಕ್ತದ ಹಾಗೇ ಕೆಂಪು. ಹೆಸರು ಇಂಡೋಪ್ಲಾನಾರ್ಬಿಸ್. ಗೊರಕೆ ರೋಗ ಇದರಿಂದ ಬರುತ್ತದೆ, ಹೊಟ್ಟೆಯ ಚಪ್ಪಟೆ ಹುಳುವನ್ನೂ ಇದು ಹರಡುತ್ತದೆ. ಎರಡೂ ಮೊಣಕಾಲುದ್ದಕ್ಕಿಂತ ಕಡಿಮೆ ನೀರಿನಲ್ಲಿ, ಜೊಂಡು, ಕೊಳೆತ ಎಲೆ, ಕಲ್ಲಿನ ಅಡಿಯಲ್ಲಿ ಸಿಗುತ್ತವೆ.

ಬರಿಗೈಯಲ್ಲಿ ಹಿಡಿಯಬೇಡಿ. ಗಂಬೂಟು ಮತ್ತು ರಬ್ಬರ್ ಕೈಗವಸು ಹಾಕಿಕೊಳ್ಳಿ. ಇಂಥ ನೀರಿನಲ್ಲಿ ಈಜುವ ಹುಳುಮರಿ ಮನುಷ್ಯರ ಚರ್ಮಕ್ಕೂ ಚುಚ್ಚುತ್ತದೆ. ಕುಂಟೆಗೆ ಇಳಿದು ಬಂದ ಮೇಲೆ ಕಾಲಿಗೆ ಕೆಂಪು ಗುಳ್ಳೆ ಎದ್ದು ನವೆ ಬರುವುದಕ್ಕೆ ಇದೂ ಒಂದು ಕಾರಣ.

ಯಾವ ಗಿಡ?

ಗಿಡಗಳಿಂದ ಬಸವನಹುಳು ಸಾಯಿಸುವ ಈ ದಾರಿಗೆ ಹೆಸರು ಬಂದದ್ದು ಇಥಿಯೋಪಿಯಾದಿಂದ. 1964ರಲ್ಲಿ ಅಕ್ಲಿಲು ಲೆಮ್ಮಾ ಎಂಬ ವಿಜ್ಞಾನಿ ಅಲ್ಲಿನ ಒಂದು ಹೊಳೆಯ ಹತ್ತಿರ ಗಮನಿಸಿದರು. ಹೆಂಗಸರು ಎಂಡೋಡ್ ಅನ್ನುವ ಗಿಡದ ಕಾಯಿ ಅರೆದು ಬಟ್ಟೆ ಒಗೆಯುತ್ತಿದ್ದ ಜಾಗದಿಂದ ಕೆಳಕ್ಕೆ ಬಸವನಹುಳುಗಳು ಸತ್ತು ಬಿದ್ದಿದ್ದವು. ಎಂಡೋಡ್‌ನಲ್ಲಿ ಇರುವುದು ಸಪೋನಿನ್, ಅಂದರೆ ನೊರೆ ಬರಿಸುವ ಸತ್ವ. ನಮ್ಮ ಅಂಟುವಾಳ, ಸೀಗೆಕಾಯಿಯಲ್ಲಿ ನೊರೆ ಬರುವುದೂ ಇದರಿಂದಲೇ.

ನಾನು ಹೇಳುವುದು ಅಂಟುವಾಳ. ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲಿ ತಲೆಗೆ, ರೇಷ್ಮೆ ಸೀರೆಗೆ ಬಳಸಿ ಎಲ್ಲರಿಗೂ ಅಭ್ಯಾಸ ಇದೆ. ನೀರಿನಲ್ಲಿ ಸುಲಭವಾಗಿ ಬಿಡುತ್ತದೆ, ಕೆಲವು ದಿನಕ್ಕೆ ಕೊಳೆತು ಹೋಗುತ್ತದೆ.

ಹಿಪ್ಪೆ ಹಿಂಡಿಯೂ ಕೆಲಸ ಮಾಡುತ್ತದೆ. ಆದರೆ ಅದು ಬಲವಾದದ್ದು. ಮೀನು ಸಾಕುವವರು ಕೊಳಕ್ಕೆ ಮರಿ ಬಿಡುವ ಮೊದಲು ಬೇಡದ ಮೀನು ಸಾಯಿಸಲು ಹೆಕ್ಟೇರಿಗೆ 2,000ದಿಂದ 2,500 ಕಿಲೋ ಹಾಕುತ್ತಾರೆ. ಅದರ ವಿಷ ಇಳಿಯಲು ಎರಡು ಮೂರು ವಾರ ಬೇಕು. ಅಷ್ಟು ದಿನ ದನಕ್ಕೆ ಬೇರೆ ನೀರು ಇದ್ದರೆ ಮಾತ್ರ ಅದರ ಯೋಚನೆ ಮಾಡಿ. ಬದುವಿನ ಕತ್ತಾಳೆಯಲ್ಲೂ ಸಪೋನಿನ್ ಇದೆ, ಆದರೆ ಅದರ ರಸ ತಾಗಿದರೆ ಮೈಯೆಲ್ಲ ನವೆ. ಬೇವಿನೆಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರಿಗೆ ಇನ್ನೊಂದು ಮಾತು: ಬೇವು ಬೆರೆತ ನೀರು ಹಿಪ್ಪುನೇರಳೆ ಸೊಪ್ಪಿಗೆ ಸೋಕಿದರೆ ರೇಷ್ಮೆಹುಳುವಿಗೆ ಆಗಿಬರುವುದಿಲ್ಲ.

ಕಳ್ಳಿ ಹಾಲು, ಕಾಡುಹರಳು, ಕಣಗಿಲೆ, ಹೊಗೆಸೊಪ್ಪು ಬೇಡವೇ ಬೇಡ. ಕಳ್ಳಿ ಹಾಲು ಬಸವನಹುಳುವನ್ನು ಸಾಯಿಸುತ್ತದೆ, ನಿಜ. ಒಂದು ಹನಿ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗುವ ಅಪಾಯ ಇದೆ, ಅದೂ ನಿಜ. ಕಾಡುಹರಳು, ಕಣಗಿಲೆ ದನಕ್ಕೇ ವಿಷ. ಗಿಡದಿಂದ ಬಂದದ್ದೆಲ್ಲ ತಣ್ಣಗಿನದು ಅನ್ನುವ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಏನೇನು ಬೇಕು: ಬೀಜ ತೆಗೆದ ಒಣ ಅಂಟುವಾಳ, ಅಡುಗೆಮನೆಯ ತೂಕದ ಯಂತ್ರ, 10 ಲೀಟರಿನ 5 ಪ್ಲಾಸ್ಟಿಕ್ ಬಕೆಟ್, ಸೊಳ್ಳೆ ಪರದೆಯ ತುಂಡು, ಮೆಡಿಕಲ್ ಅಂಗಡಿಯ 50 ಮಿಲಿ ಸಿರಿಂಜು, ಕೋಲಿಗೆ ಕಟ್ಟಿದ ಜರಡಿ, ಅಳತೆ ಟೇಪು, ಹಳೇ ಪಂಚೆ, ರೋಸ್ ಕ್ಯಾನ್, ಒಂದು ನೋಟ್‌ಬುಕ್.

1. ಮೊದಲು ದನ, ಆಮೇಲೆ ನೀರು

ಗದ್ದ ಊದಿದ್ದೆಲ್ಲ ಲಿವರ್ ಫ್ಲೂಕ್ ಅಲ್ಲ. ಬೇರೆ ಜಂತು, ರಕ್ತಹೀನತೆಯಿಂದಲೂ ಹಾಗಾಗುತ್ತದೆ. ನಿಂಬೆಹಣ್ಣಿನಷ್ಟು ಹಸಿ ಸಗಣಿ ಡಬ್ಬಿಯಲ್ಲಿ ಹಾಕಿ, ಅದೇ ದಿನ ಪಶು ಆಸ್ಪತ್ರೆಗೆ ಕೊಡಿ. ಒಂದೊಂದು ದನಕ್ಕೂ ಬೇರೆ ಬೇರೆ ಡಬ್ಬಿ, ಮೇಲೆ ಹೆಸರು. ಹೋಗಲು ಆಗದಿದ್ದರೆ 1962ಕ್ಕೆ ಫೋನ್ ಮಾಡಿ ಪಶು ಸಂಜೀವಿನಿಯವರನ್ನು, ಅಂದರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದವರನ್ನು, ಕೇಳಿ.

ಔಷಧಿಯನ್ನು ಡಾಕ್ಟರೇ ಆರಿಸಲಿ. ಕೆಲವು ಔಷಧಿ ಬಲಿತ ಹುಳುವನ್ನು ಮಾತ್ರ ಸಾಯಿಸುತ್ತವೆ, ಕೆಲವನ್ನು ಗಬ್ಬದ ಮೊದಲ ದಿನಗಳಲ್ಲಿ ಕೊಡಬಾರದು. ಎಷ್ಟು ದಿನ ಡೇರಿಗೆ ಹಾಲು ಹಾಕಬಾರದು ಅಂತಲೂ ಕೇಳಿಕೊಳ್ಳಿ. ದನಕ್ಕೆ ಚಿಕಿತ್ಸೆ ಮಾಡದೆ ಬರೀ ಕುಂಟೆ ತೊಳೆದರೆ ಮೊಟ್ಟೆ ಮತ್ತೆ ಬೀಳುತ್ತಲೇ ಇರುತ್ತದೆ.

2. ನೀರು ಆರಿಸಿಕೊಳ್ಳುವುದು

ಹಾಕಬಹುದಾದದ್ದು: ನಿಮ್ಮದೇ ಜಮೀನಿನ ಸಣ್ಣ ಕುಂಟೆ, ನಿಂತ ಜೌಗು, ಬಸಿಗಾಲುವೆಯಲ್ಲಿ ಕಟ್ಟಿಕೊಂಡ ಗುಂಡಿ. ಗೋಕಟ್ಟೆ ಊರಿನದು, ಹಾಗಾಗಿ ಪಂಚಾಯಿತಿಯನ್ನು ಕೇಳಿ, ಊರಿನವರಿಗೆಲ್ಲ ಹೇಳಿ ಮಾಡಬೇಕು.

ಹಾಕಬಾರದ್ದು: ಕೆರೆ, ಹರಿಯುವ ನಾಲೆ, ಕುಡಿಯುವ ನೀರಿನ ಬಾವಿ, ಮೀನು ಇರುವ ಯಾವುದೇ ನೀರು. ಇಲ್ಲಿ ಯಾವ ರಿಯಾಯಿತಿಯೂ ಇಲ್ಲ. ಸಪೋನಿನ್ ಮೀನಿನ ಕಿವಿರನ್ನು ಕೆಡಿಸುತ್ತದೆ. ಬಸವನಹುಳು ಸಾಯುವ ಅಳತೆಗೆ, ಕೆಲವು ಸಲ ಅದಕ್ಕಿಂತ ಕಡಿಮೆಗೇ ಮೀನು ಸಾಯುತ್ತದೆ. ಕೃಷಿ ಹೊಂಡದಲ್ಲಿ ಮೀನುಮರಿ ಬಿಟ್ಟಿದ್ದೀರಾ? ಹಾಗಿದ್ದರೆ ಅಂಟುವಾಳ ಬಿಟ್ಟುಬಿಡಿ. ಕೊನೆಯಲ್ಲಿ ಹೇಳಿರುವ ಬೇರೆ ಉಪಾಯ ಸಾಕು.

3. ಎಣಿಕೆ

ಅಂಚಿನ 10 ಜಾಗ ಗುರುತು ಮಾಡಿ. ಒಂದೊಂದು ಕಡೆಯೂ ಜರಡಿಯನ್ನು ಒಂದೇ ರೀತಿ ಒಂದು ಮಾರು ಎಳೆದು, ಸಿಕ್ಕಿದ ಮುಚ್ಚಳ ಇಲ್ಲದ ಬಸವನಹುಳು ಎಣಿಸಿ ಬರೆದಿಡಿ. ಇದಿಲ್ಲದಿದ್ದರೆ ಆಮೇಲೆ ಕಡಿಮೆ ಆಯಿತೋ ಇಲ್ಲವೋ ಅನ್ನುವುದು ಬರೀ ಊಹೆ ಆಗುತ್ತದೆ.

ಸಿಕ್ಕವುಗಳಲ್ಲಿ ಕೆಲವನ್ನು ಗಾಜಿನ ಲೋಟದ ತಿಳಿ ನೀರಿನಲ್ಲಿ ಹಾಕಿ ಬೆಳಗಿನ ಬೆಳಕಿನಲ್ಲಿ ಒಂದೆರಡು ಗಂಟೆ ಇಡಿ. ಹಿಂದೆ ಕಪ್ಪು ಕಾಗದ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸೋಂಕಿದ ಬಸವನಹುಳು ಇದ್ದರೆ ದೂಳಿನ ಕಣದ ಹಾಗೆ ಬಿಳಿ ಚುಕ್ಕೆಗಳು ಬಾಲ ಬಡಿಯುತ್ತ ಮೇಲೆ ಕೆಳಗೆ ಓಡಾಡುತ್ತವೆ. ಬಾಲದ ತುದಿ ಕವಲೊಡೆದಿದ್ದರೆ ಅದು ಚರ್ಮ ಕೊರೆಯುವ ಗುಂಪಿನದು. ಲಿವರ್ ಫ್ಲೂಕ್ ಮರಿಯಾದರೆ ಸ್ವಲ್ಪ ಹೊತ್ತಿಗೆ ಬಾಲ ಕಳಚಿ, ಲೋಟದ ಗೋಡೆಗೇ ಅಂಟಿ ಚುಕ್ಕೆಯಾಗಿ ಕೂರುತ್ತದೆ. ಹುಲ್ಲಿನ ಮೇಲೆ ಆಗುವುದೂ ಇದೇ. ಇದನ್ನು ಒಮ್ಮೆ ಕಣ್ಣಾರೆ ನೋಡಿದವರು ದನವನ್ನು ಮತ್ತೆ ಆ ದಡಕ್ಕೆ ಬಿಡುವುದಿಲ್ಲ. ಏನೂ ಕಾಣದಿದ್ದರೆ ಸೋಂಕೇ ಇಲ್ಲ ಅಂತಲ್ಲ, ಎಲ್ಲ ಬಸವನಹುಳುವೂ ಎಲ್ಲ ದಿನವೂ ಮರಿ ಬಿಡುವುದಿಲ್ಲ. ಆ ಲೋಟವನ್ನು ಮತ್ತೆ ಕುಡಿಯಲು ಬಳಸಬೇಡಿ, ನೀರನ್ನು ಕುದಿಸಿ ಚೆಲ್ಲಿ.

4. ಬಕೆಟ್ ಪರೀಕ್ಷೆ

ಲೀಟರಿಗೆ ಇಂತಿಷ್ಟು ಅಂತ ಎಲ್ಲರಿಗೂ ಒಂದೇ ಅಳತೆ ಹೇಳಲು ಆಗುವುದಿಲ್ಲ. ಕಾಯಿ ಹಳತಾದರೆ ಸತ್ವ ಕಡಿಮೆ. ನೀರಲ್ಲಿ ಕೆಸರು, ಪಾಚಿ ಇದ್ದರೆ ಜಾಸ್ತಿ ಬೇಕು. ಅದಕ್ಕೇ ನಿಮ್ಮ ಕಾಯಿ, ನಿಮ್ಮ ನೀರು, ನಿಮ್ಮ ಬಸವನಹುಳುವಿನ ಮೇಲೇ ಪರೀಕ್ಷೆ ಆಗಬೇಕು.

ಅಂಟುವಾಳದ ಸಿಪ್ಪೆಯನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ ಪುಡಿ ಮಾಡಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸಿಕ್ಕಾಪಟ್ಟೆ ಸೀನು ಬರುತ್ತದೆ. 20 ಗ್ರಾಂ ಪುಡಿಯನ್ನು 2 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಚೆನ್ನಾಗಿ ಕಿವುಚಿ ಸೋಸಿ. ಇದು ಮೂಲ ದ್ರಾವಣ. ಇದರ 1 ಮಿಲಿಯಲ್ಲಿ 10 ಮಿಲಿಗ್ರಾಂ ಕಾಯಿಯ ಸತ್ವ ಇದೆ ಅಂತ ಲೆಕ್ಕ.

ಐದು ಬಕೆಟ್ಟಿಗೂ ಕುಂಟೆಯ ನೀರನ್ನೇ 10 ಲೀಟರ್ ತುಂಬಿ. ಮೊದಲನೆಯದಕ್ಕೆ ಏನೂ ಹಾಕಬೇಡಿ. ಉಳಿದವಕ್ಕೆ ಕ್ರಮವಾಗಿ 50, 100, 200, 400 ಮಿಲಿ ಮೂಲ ದ್ರಾವಣ ಹಾಕಿ. ಆಗ ಲೀಟರಿಗೆ ಸುಮಾರು 50, 100, 200, 400 ಮಿಲಿಗ್ರಾಂ ಆಗುತ್ತದೆ. ಒಂದೊಂದಕ್ಕೂ ಒಂದೇ ಗಾತ್ರದ 10 ಬಸವನಹುಳು ಬಿಡಿ.

ಹೆಚ್ಚಿನವರು ತಪ್ಪುವುದು ಇಲ್ಲೇ. ಈ ಬಸವನಹುಳುಗಳು ಗಾಳಿ ಉಸಿರಾಡುತ್ತವೆ. ನೀರು ಹಿಡಿಸದಿದ್ದರೆ ಬಕೆಟ್ಟಿನ ಗೋಡೆ ಹತ್ತಿ ನೊರೆಯ ಮೇಲೆ ಅಂಚಿನಲ್ಲಿ ಅಂಟಿಕೊಂಡು ಕೂತುಬಿಡುತ್ತವೆ. ಬೆಳಿಗ್ಗೆ ನೋಡಿದವರು "ಅಂಟುವಾಳ ಕೆಲಸ ಮಾಡಲ್ಲ" ಅಂತ ತೀರ್ಮಾನ ಮಾಡುತ್ತಾರೆ. ಸೊಳ್ಳೆ ಪರದೆಯನ್ನು ನೀರಿನ ಮಟ್ಟದಿಂದ ಸ್ವಲ್ಪ ಕೆಳಗೆ ಇಳಿಬಿಟ್ಟು ಬಿಗಿಯಾಗಿ ಕಟ್ಟಿ. ನೆರಳಲ್ಲಿ 24 ಗಂಟೆ ಇಡಿ.

ಆಮೇಲೆ ಎಲ್ಲವನ್ನೂ ತೊಳೆದು, ಏನೂ ಹಾಕದ ನೀರಿಗೆ ಬಿಟ್ಟು ಇನ್ನೊಂದು ದಿನ ಕಾಯಿರಿ. ಎಷ್ಟೋ ಬಸವನಹುಳು ಚಿಪ್ಪಿನೊಳಗೆ ಸೇರಿ ಸತ್ತ ಹಾಗೆ ಇರುತ್ತವೆ, ಒಳ್ಳೆ ನೀರಿಗೆ ಬಂದರೆ ಎದ್ದು ಹರಿಯುತ್ತವೆ. ಮೈಯನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಸರಿಯದೆ ಜೋತು ಬಿದ್ದು ವಾಸನೆ ಬರುತ್ತಿದ್ದರೆ ಸತ್ತಿದೆ.

ಹತ್ತಕ್ಕೆ ಕನಿಷ್ಠ ಒಂಬತ್ತು ಸತ್ತ ಅತಿ ಕಡಿಮೆ ಅಳತೆ ಯಾವುದೋ ಅದೇ ನಿಮ್ಮ ಅಳತೆ. ಬರೀ ನೀರಿನ ಬಕೆಟ್ಟಿನಲ್ಲೂ ಎರಡಕ್ಕಿಂತ ಜಾಸ್ತಿ ಸತ್ತಿದ್ದರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಮತ್ತೆ ಮಾಡಿ. 400ಕ್ಕೂ ಸಾಯದಿದ್ದರೆ ಇನ್ನೂ ಸುರಿಯಲು ಹೋಗಬೇಡಿ, ಹೊಸ ಕಾಯಿ ತನ್ನಿ. ಗಿಡದ ಪುಡಿ ಲೀಟರಿಗೆ 100 ಮಿಲಿಗ್ರಾಂ ಒಳಗೇ ಕೆಲಸ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟುಕೊಂಡ ಗಡಿ. ಅದರ ಹತ್ತಿರ ಇದ್ದಷ್ಟೂ ಖರ್ಚೂ ಕಡಿಮೆ, ಅಪಾಯವೂ ಕಡಿಮೆ.

5. ಕುಂಟೆಯ ನೀರು ಲೆಕ್ಕ ಹಾಕುವುದು

ಉದ್ದ, ಅಗಲ ಟೇಪಿನಲ್ಲಿ ಅಳೆಯಿರಿ. ಆಳವನ್ನು ಕೋಲಿನಿಂದ ಐದಾರು ಕಡೆ ನೋಡಿ ಸರಾಸರಿ ತೆಗೆಯಿರಿ, ನಡುವಿನ ಆಳ ಒಂದನ್ನೇ ಹಿಡಿಯಬೇಡಿ. ಅಡಿ ಲೆಕ್ಕದಲ್ಲಿ ಮೂರನ್ನೂ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ.

20 ಅಡಿ ಉದ್ದ, 15 ಅಡಿ ಅಗಲ, ಸರಾಸರಿ ಒಂದೂವರೆ ಅಡಿ ಆಳ ಅಂದುಕೊಳ್ಳಿ. 450 ಘನ ಅಡಿ, ಅಂದರೆ ಸುಮಾರು 12,700 ಲೀಟರ್. ನಿಮ್ಮ ಅಳತೆ 100 ಬಂದಿದ್ದರೆ ಸಾವಿರ ಲೀಟರಿಗೆ 100 ಗ್ರಾಂ, ಒಟ್ಟು 1 ಕಿಲೋ 270 ಗ್ರಾಂ ಪುಡಿ. 200 ಬಂದಿದ್ದರೆ ಎರಡರಷ್ಟು. ನೀರು ಕಮ್ಮಿ ಇದ್ದಷ್ಟೂ ಕಾಯಿ ಕಮ್ಮಿ ಸಾಕು. ಆದ್ದರಿಂದ ಏಪ್ರಿಲ್, ಮೇ ತಿಂಗಳಲ್ಲಿ ಕುಂಟೆ ಕುಗ್ಗಿದಾಗ ಒಮ್ಮೆ, ಹಿಂಗಾರು ನಿಂತ ಮೇಲೆ ಒಮ್ಮೆ ಮಾಡುವುದು ಒಳ್ಳೆಯದು. ಪೂರ್ತಿ ಒಣಗುವವರೆಗೆ ಕಾಯಬೇಡಿ. ಬಸವನಹುಳು ಕೆಸರಿನೊಳಗೆ ಹೂತುಕೊಂಡು ಮಳೆಗೆ ಕಾಯುತ್ತದೆ, ಆಗ ಯಾವ ನೀರೂ ಅದನ್ನು ಮುಟ್ಟುವುದಿಲ್ಲ.

6. ಹಾಕುವ ದಿನ

ಹಿಂದಿನ ದಿನವೇ ಜೊಂಡು, ಅಂತರಗಂಗೆ ಕಿತ್ತು ದಡದಿಂದ ದೂರ ಬಿಸಿಲಿಗೆ ಹಾಕಿ. ಎಲೆಗಳ ಕೆಳಗೆ ಲೋಳೆಯಂಥ ಮೊಟ್ಟೆ ಗೊಂಚಲು ಅಂಟಿರುತ್ತದೆ, ಅದೂ ಒಣಗಲಿ. ಆ ಸೊಪ್ಪು ದನದ ಬಾಯಿಗೆ ಸಿಗಬಾರದು. ನೀರು ಹೊರಹೋಗುವ ತೂಬು, ಕಾಲುವೆಗೆ ಮಣ್ಣು ಹಾಕಿ ಮುಚ್ಚಿ. ಮೋಡ ಕಟ್ಟಿದ್ದರೆ ಕೆಲಸ ಮುಂದಕ್ಕೆ ಹಾಕಿ. ಕುಂಟೆ ಕೋಡಿ ಬಿದ್ದು ಆ ನೀರು ಕೆಳಗಿನವರ ಮೀನಿನ ಹೊಂಡ ಸೇರಿದರೆ ಅವರ ವರ್ಷದ ದುಡಿಮೆ ಒಂದೇ ರಾತ್ರಿಗೆ ಹೋಗುತ್ತದೆ.

ಕಿಲೋಗೆ 10 ಲೀಟರ್ ನೀರಿನಂತೆ ಪುಡಿ ನೆನೆಹಾಕಿ ಸೋಸಿ. ಗಷ್ಟಿಗೆ ಇನ್ನೊಂದು 5 ಲೀಟರ್ ಹಾಕಿ ಮತ್ತೆ ಕಿವುಚಿ, ಎರಡನ್ನೂ ಸೇರಿಸಿ. ಅದೇ ದಿನ ಬಳಸಿ. ಇಟ್ಟರೆ ಹುಳಿಬರುತ್ತದೆ.

ರೋಸ್ ಕ್ಯಾನ್‌ನಲ್ಲಿ ಅರ್ಧದಷ್ಟನ್ನು ಅಂಚಿನ ಮೂರು ಅಡಿ ಪಟ್ಟಿಗೆ ಹಾಕಿ, ಬಸವನಹುಳು ಹೆಚ್ಚಾಗಿ ಇರುವುದು ಅಲ್ಲೇ. ಉಳಿದದ್ದನ್ನು ನಡುವಿಗೆ ಹರಡಿ ಕೋಲಿನಿಂದ ಕದಡಿ. ಗಾಳಿಗೆ ಬೆನ್ನು ಮಾಡಿ ನಿಲ್ಲಿ, ನೊರೆ ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ದಡದ ಒದ್ದೆ ಮಣ್ಣಿಗೂ ಸ್ವಲ್ಪ ಹಾಕಿ, ಹೊರಗೆ ಹರಿದು ತಪ್ಪಿಸಿಕೊಳ್ಳುವವು ಅಲ್ಲಿರುತ್ತವೆ.

ಮುಳ್ಳು ಬೇಲಿ ಹಾಕಿ ಒಂದು ವಾರ ದನ, ಕುರಿ, ಬಾತುಕೋಳಿ ಯಾವುದನ್ನೂ ಬಿಡಬೇಡಿ. ಮಕ್ಕಳಿಗೆ ಕೂರಿಸಿಕೊಂಡು ಹೇಳಿ.

7. ಮತ್ತೆ ಎಣಿಕೆ, ಮತ್ತೆ ಒಂದು ಸಲ

ಏಳನೇ ದಿನ ಅದೇ 10 ಜಾಗದಲ್ಲಿ ಜರಡಿ ಎಳೆದು ಎಣಿಸಿ. ಸತ್ತ ಬಸವನಹುಳುಗಳನ್ನು ಆದಷ್ಟು ಎತ್ತಿ ಹೂಳಿ, ಇಲ್ಲದಿದ್ದರೆ ನೀರು ನಾರುತ್ತದೆ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಅಂಟುವಾಳದ ನೀರು ಮೊಟ್ಟೆಯ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಎರಡು ವಾರದೊಳಗೆ ಬಹುತೇಕ ಮೊಟ್ಟೆ ಒಡೆದು ಸಾಸಿವೆಯಷ್ಟು ಸಣ್ಣ ಮರಿ ಹೊರಬರುತ್ತವೆ. ಅವು ಬೆಳೆದು ಮೊಟ್ಟೆ ಇಡುವ ಮೊದಲೇ, 14 ಅಥವಾ 15ನೇ ದಿನ, ಅದೇ ಅಳತೆಯಲ್ಲಿ ಎರಡನೇ ಸಲ ಹಾಕಬೇಕು. ಮತ್ತೆ ಒಂದು ವಾರ ಬೇಲಿ. ಎರಡನೇ ಸಲ ತಪ್ಪಿಸಿದವರ ಕುಂಟೆ ಎರಡು ಮೂರು ತಿಂಗಳಿಗೆ ಮೊದಲಿನ ಹಾಗೇ ಆಗುತ್ತದೆ.

ಜೊತೆಗೆ ಮಾಡಬೇಕಾದ ಕೆಲಸ

ನನ್ನ ಅನುಭವದಲ್ಲಿ ಅಂಟುವಾಳಕ್ಕಿಂತ ದೊಡ್ಡ ಕೆಲಸ ಮಾಡುವುದು ಸಿಮೆಂಟ್ ತೊಟ್ಟಿ. ಕುಂಟೆಗೆ ಬೇಲಿ ಹಾಕಿ, ಬೋರ್‌ವೆಲ್ ನೀರನ್ನು ತೊಟ್ಟಿಗೆ ಬಿಟ್ಟು ಅಲ್ಲೇ ಕುಡಿಸಿ. ದನ ನೀರಿಗೆ ಇಳಿಯದಿದ್ದರೆ ಗೊರಕೆ ರೋಗದ ಹುಳುವಿಗೆ ಚರ್ಮ ಸಿಗುವುದಿಲ್ಲ, ಸಗಣಿಯೂ ನೀರಿಗೆ ಬೀಳುವುದಿಲ್ಲ. ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸಿ, ಪಾಚಿ ಕಟ್ಟಿದರೆ ಅಲ್ಲೂ ಬಸವನಹುಳು ಬರುತ್ತದೆ.

ಕೆರೆ ಅಂಗಳದ ಹಸಿ ಹುಲ್ಲು ಕೊಯ್ದು ಹಾಗೇ ಹಾಕಬೇಡಿ. ನೀರಿನ ಮಟ್ಟದಿಂದ ಒಂದು ಅಡಿ ಮೇಲಕ್ಕೆ ಕೊಯ್ದು, ಬಿಸಿಲಿನಲ್ಲಿ ಕೆಲವು ದಿನ ಮಗುಚಿ ಮಗುಚಿ ಗರಿಗರಿ ಒಣಗಿಸಿ ಹಾಕಿ. ಸಗಣಿ ಸೀದಾ ಗದ್ದೆಗೆ ಹೋಗದೆ ತಿಪ್ಪೆಯಲ್ಲಿ ಚೆನ್ನಾಗಿ ಕಾದು ಕೊಳೆಯಲಿ, ಆ ಶಾಖಕ್ಕೆ ಮೊಟ್ಟೆ ಸಾಯುತ್ತದೆ. ಇಂಥ ನೀರಿನ ಅಂಚಿನಲ್ಲಿ ಹೊನಗೊನೆ ಸೊಪ್ಪು ಕೀಳುವವರು ಅದನ್ನು ಹಸಿಯಾಗಿ ತಿನ್ನದೆ ಚೆನ್ನಾಗಿ ಬೇಯಿಸಿ. ಲಿವರ್ ಫ್ಲೂಕ್ ಮನುಷ್ಯರಿಗೂ ಬರಬಹುದು.

ಮೀನು ಇರುವ ಹೊಂಡಕ್ಕೆ ಈ ಉಪಾಯ: ಮಾರ್ಕೆಟ್ಟಿನಲ್ಲಿ ಬಿಸಾಡುವ ಎಲೆಕೋಸಿನ ಹೊರ ಎಲೆಗಳನ್ನು ದಾರಕ್ಕೆ ಪೋಣಿಸಿ ಸಂಜೆ ಅಂಚಿನಲ್ಲಿ ತೇಲಿಬಿಡಿ. ಬೆಳಿಗ್ಗೆ ಬಸವನಹುಳುಗಳು ಎಲೆಯ ಕೆಳಗೆ ಸೇರಿರುತ್ತವೆ. ದಾರ ಎಳೆದು ಬಕೆಟ್ಟಿಗೆ ಕೊಡವಿ, ಕುದಿಯುವ ನೀರು ಸುರಿದು ಹೂಳಿ. ಒಂದೆರಡು ದಿನ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ, ತಿಂಗಳುಗಟ್ಟಲೆ ಮಾಡಬೇಕು. ಮೀನಿಲ್ಲದ ಕುಂಟೆಯಲ್ಲಿ ಬೇಲಿ ತೆಗೆದ ಮೇಲೆ ಬಾತುಕೋಳಿ ಬಿಟ್ಟರೆ ಉಳಿದ ಮರಿಗಳನ್ನು ಅವು ತಿನ್ನುತ್ತವೆ.

ಎರಡನೇ ಸಲ ಹಾಕಿ ನಾಲ್ಕು ತಿಂಗಳಾದ ಮೇಲೆ ಅದೇ ದನಗಳ ಸಗಣಿಯನ್ನು ಮತ್ತೆ ಪರೀಕ್ಷೆಗೆ ಕೊಡಿ. ಡಬ್ಬಿಯ ಮೇಲೆ ದನದ ಹೆಸರಿನ ಜೊತೆಗೆ ಔಷಧಿ ಕುಡಿಸಿದ ತಾರೀಕು, ಕುಂಟೆಗೆ ಅಂಟುವಾಳ ಹಾಕಿದ ಎರಡೂ ತಾರೀಕು ಬರೆಯಿರಿ.